ಎತ್ತಿದ ಕಲ್ಲನ್ನು ಮತ್ತೆ ಕೂರಿಸುವುದು

ಪ್ರಶ್ನೆ: ಹಾವು, ಹಲ್ಲಿಗಳನ್ನು ಅವು ಇರುವ ಜಾಗದಲ್ಲೇ ನೋಡಬೇಕೆಂದು ಆರು ತಿಂಗಳಿಂದ ಸುತ್ತುತ್ತಿದ್ದೇನೆ. ಸಿಕ್ಕಿದ್ದು ಎರಡು ಪೊರೆ ಮಾತ್ರ. ಕಲ್ಲು, ಮರದ ದಿಮ್ಮಿ ಎತ್ತಿ ನೋಡಿದರೆ ಸಿಗುತ್ತವೆ ಎನ್ನುತ್ತಾರೆ. ನಾನೆಲ್ಲಿ ಎಡವುತ್ತಿದ್ದೇನೆ?

ಉತ್ತರ: ಬಹುಶಃ ಹೊತ್ತಿನ ಆಯ್ಕೆಯಲ್ಲಿ. ಸರೀಸೃಪಗಳು ಮೈಗೆ ಬೇಕಾದ ಶಾಖವನ್ನು ಹೊರಗಿನಿಂದಲೇ ಪಡೆಯಬೇಕು. ತಂಪು ರಾತ್ರಿ ಕಳೆದ ಮೇಲೆ ಮೊದಲ ಬಿಸಿಲು ತಾಗುವ ಬಂಡೆ, ದಾರಿಯಂಚು, ಪೊದೆಯ ಬುಡಗಳನ್ನು ನೋಡಿ. ಬಿಸಿಲೇರಿತೆಂದರೆ ಅವು ನೆರಳಿಗೋ ಬಿಲಕ್ಕೋ ಸರಿದುಬಿಡುತ್ತವೆ. ಹೆಜ್ಜೆ ನಿಧಾನವಿರಲಿ, ನಿಮ್ಮ ನೆರಳು ಮುಂದೆ ಚಾಚದಿರಲಿ. ರಾತ್ರಿ ಹೋಗುವುದಾದರೆ ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕೊಂಬೆಗಳ ತುದಿ ನೋಡುತ್ತಾ ಹೋಗಿ. ಹಗಲಲ್ಲಿ ಎಷ್ಟು ಹುಡುಕಿದರೂ ಕಾಣದ ಗೋಸುಂಬೆ, ನಿದ್ದೆಯಲ್ಲಿ ಬಿಳಿಚಿಕೊಂಡು ಎಲೆಗಳ ನಡುವೆ ಎದ್ದು ಕಾಣುತ್ತದೆ.

ಪೊರೆ ಸಿಕ್ಕಿದ್ದೂ ಸಣ್ಣ ವಿಷಯವಲ್ಲ. ಒಳಮೈ ಹೊರಗಾಗಿ, ಉದ್ದಕ್ಕೂ ಒಂದೇ ತುಂಡಾಗಿ ಕಳಚಿದ್ದರೆ ಅದು ಹಾವಿನದು. ತಲೆಯ ಭಾಗದಲ್ಲಿ ಕಣ್ಣನ್ನು ಮುಚ್ಚಿದ್ದ ಪಾರದರ್ಶಕ ಬಿಲ್ಲೆಗಳೂ ಕಾಣುತ್ತವೆ. ಇನ್ನೂ ಮೆತ್ತಗೆ ತೇವವಾಗಿದ್ದರೆ ಕಳಚಿ ಹೆಚ್ಚು ಹೊತ್ತಾಗಿಲ್ಲ. ಅಲ್ಲೇ ಸುತ್ತಮುತ್ತ ಸಾವಕಾಶವಾಗಿ ನೋಡಿ.

ಕಲ್ಲೆತ್ತುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅನುಮತಿ ಇರುವ ಜಾಗದಲ್ಲಿ ಮಾತ್ರ ಎತ್ತಿ. ಬೆರಳನ್ನು ಅಡಿಗೆ ಹಾಕದೆ, ಕೊಕ್ಕೆಯಿಂದ ಆಚೆಯ ಅಂಚನ್ನು ನಿಮ್ಮ ಕಡೆಗೆ ಎತ್ತಿ. ಕೆಳಗೆ ವಿಷದ ಹಾವಿದ್ದರೂ ನಡುವೆ ಕಲ್ಲು ಅಡ್ಡವಿರುತ್ತದೆ. ಕಲ್ಲನ್ನು ಮೊದಲಿದ್ದ ಕುಳಿಯಲ್ಲೇ, ಅದೇ ಮಗ್ಗುಲಾಗಿ ಕೂರಿಸಿ. ಕೆಳಗಿದ್ದ ಪ್ರಾಣಿ ಪಕ್ಕಕ್ಕೆ ಸರಿಯುವವರೆಗೆ ಇಳಿಸಬೇಡಿ, ಜಜ್ಜಿಹೋದೀತು. ಕೂರಿಸಿದ ಮೇಲೆ ಅದೇ ಒಳಹೊಗುತ್ತದೆ. ಸಿಡ್ನಿ ಸುತ್ತಲಿನ ಮರಳುಗಲ್ಲಿನ ಬೆಟ್ಟಗಳಲ್ಲಿ ಸಂಶೋಧಕರು ಇದನ್ನು ಪರೀಕ್ಷಿಸಿದ್ದಾರೆ. ಜನ ಎತ್ತಿ, ತುಸುವೇ ಸರಿಸಿ ಬಿಟ್ಟುಹೋದ ಕಲ್ಲುಗಳಡಿ ಸರೀಸೃಪಗಳು ತೀರಾ ಕಡಿಮೆಯಾಗಿದ್ದವು. ಅವೇ ಕಲ್ಲುಗಳನ್ನು ಸರಿಯಾಗಿ ಕೂರಿಸಿದಾಗ ಮರಳಿ ಬಂದವು. ಬಂಡೆಯ ಸೀಳು ಮೀಟುವುದು, ಮರದ ತೊಗಟೆ ಸುಲಿಯುವುದು ಮಾತ್ರ ಬೇಡವೇ ಬೇಡ, ಅವನ್ನು ಮರಳಿ ಜೋಡಿಸಲಾಗದು. ಮೊಟ್ಟೆ ಕಂಡರೆ ಮುಟ್ಟಬೇಡಿ. ಮಗುಚಿದರೆ ಒಳಗಿನ ಭ್ರೂಣ ಸಾಯಬಹುದು.

ಪ್ರಶ್ನೆ: ಗುರುತು ಸಿಗದ ಹಲ್ಲಿಯನ್ನು ಹಿಡಿದು ತಂದು, ಬಲ್ಲವರಿಗೆ ತೋರಿಸಿ, ಮತ್ತೆ ಬಿಟ್ಟುಬಂದರೆ ತಪ್ಪೇ? ಪೊರೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ತರಬೇಡಿ. ಎಷ್ಟೋ ಕಡೆ ಕಾನೂನಿನ ಕಣ್ಣಿಗೆ ಹಿಡಿಯುವುದೇ ಅಪರಾಧ, ವಾಪಸ್ ಬಿಟ್ಟಿರೆಂಬುದು ಲೆಕ್ಕಕ್ಕೆ ಬಾರದು. ಜಮೀನಿನ ಮಾಲೀಕರ ಒಪ್ಪಿಗೆ ಬೇರೆ, ಸಂರಕ್ಷಿತ ಪ್ರದೇಶ ಪ್ರವೇಶಿಸುವ ಅನುಮತಿ ಬೇರೆ, ಆ ಪ್ರಭೇದವನ್ನು ಹಿಡಿಯುವ ಪರವಾನಗಿ ಬೇರೆ. ಒಂದಿದ್ದರೆ ಇನ್ನೊಂದು ಇದ್ದಂತೆ ಅಲ್ಲ. ಪೊರೆ, ಮೂಳೆ, ಮೊಟ್ಟೆಯ ಚಿಪ್ಪಿಗೂ ನಿಯಮ ಅನ್ವಯಿಸಬಹುದು, ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಿ. ಗಡಿ ದಾಟಿಸುವುದಾದರೆ ಅಳಿವಿನ ಭೀತಿಯಲ್ಲಿರುವ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, 1975ರಿಂದ ಜಾರಿಯಲ್ಲಿರುವ ಸೈಟಿಸ್ ಒಪ್ಪಂದವೂ ಇದೆ. ಅದರ ಪಟ್ಟಿಯಲ್ಲಿರುವ ಜೀವಿಗಳ ಅಂಗಾಂಶಕ್ಕೂ ದಾಖಲೆ ಬೇಕು.

ಕಾನೂನಿನ ಮಾತು ಹಾಗಿರಲಿ. ಹಿಡಿಯುವಾಗ ಬಾಲ ಕಳಚಿದರೆ ಅದರಲ್ಲಿ ಕೂಡಿಟ್ಟ ಕೊಬ್ಬೂ ಹೋಯಿತು. ಒಂದು ಕಡೆಯ ಶಿಲೀಂಧ್ರ ರೋಗ ನಿಮ್ಮ ಕೈಚೀಲದಲ್ಲೇ ಇನ್ನೊಂದು ಕಡೆಗೆ ಹೋಗಬಹುದು. ಬೂಟು, ಕೊಕ್ಕೆಗಳನ್ನು ತೊಳೆದು ಒಣಗಿಸುವುದೂ ಅದಕ್ಕಾಗಿಯೇ.

ಗುರುತಿಸಲು ಫೋಟೊ ಬಹಳ ಸಲ ಸಾಕು. ಇಡೀ ಮೈ, ತಲೆಯ ಮೇಲ್ಭಾಗ, ಕೆನ್ನೆಯ ಪಕ್ಕ, ಬೆರಳುಗಳು, ಬಾಲದ ಬುಡ. ಕೆನ್ನೆಯ ಹುರುಪೆ ಎಣಿಸುವಷ್ಟು ಸ್ಪಷ್ಟವಿರಲಿ. ಜಾಗದ ವಿವರವನ್ನು ಬಲ್ಲವರಿಗೆ ಮಾತ್ರ ಕೊಡಿ, ಎಲ್ಲರಿಗೂ ಕಾಣುವ ಫೋಟೊದಿಂದ ತೆಗೆದುಬಿಡಿ. ದಕ್ಷಿಣ ಚೀನಾದ ಗೋನಿಯುರೊಸಾರಸ್ ಲೂಯಿ ಎಂಬ ಹಲ್ಲಿಯನ್ನು ವಿಜ್ಞಾನಿಗಳು 1999ರಲ್ಲಿ ಹೆಸರಿಟ್ಟು ವರ್ಣಿಸಿದರು. ಸಾಕುಪ್ರಾಣಿ ಮಾರುವವರು ಅದನ್ನು ಎಷ್ಟು ಬಾಚಿದರೆಂದರೆ, ಮೊದಲು ಸಿಕ್ಕ ಜಾಗದಲ್ಲೇ ಅದು ಇಲ್ಲವಾಯಿತು.