ಯುದ್ಧ ಬಿಟ್ಟರೆ ನೌಕಾಪಡೆಯಿಂದ ಜನಸಾಮಾನ್ಯರಿಗೆ ಏನು ಉಪಯೋಗ?

ಬಂದರು, ನಕಾಶೆ, ಚಂಡಮಾರುತ ಬಂದಾಗ ರಕ್ಷಣೆ, ಇವೆಲ್ಲ ನಿಮಗೂ ಗೊತ್ತಿರುತ್ತವೆ. ನಾನು ಅನ್ನದ ತಟ್ಟೆಯ ವಿಷಯ ಹೇಳುತ್ತೇನೆ.

1880ರ ಹೊತ್ತಿಗೆ ಜಪಾನಿನ ನೌಕಾಪಡೆಯನ್ನು ಶತ್ರುಗಳಿಗಿಂತ ಹೆಚ್ಚು ಕಾಡಿದ್ದು ಬೆರಿಬೆರಿ ಎಂಬ ಕಾಯಿಲೆ. ಮೊದಲು ಕಾಲು ಜೋಮು ಹಿಡಿಯುತ್ತದೆ, ಆಮೇಲೆ ಮೀನಖಂಡ ಬಾತು, ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ನಿಲ್ಲುತ್ತದೆ, ಕೊನೆಗೆ ಹೃದಯ ಸೋಲುತ್ತದೆ. 1882-83ರಲ್ಲಿ ನ್ಯೂಜಿಲೆಂಡ್, ದಕ್ಷಿಣ ಅಮೆರಿಕ ಸುತ್ತಿ ಬಂದ 'ರ್‍ಯೂಜೊ' ಹಡಗಿನ 376 ಜನರಲ್ಲಿ 169 ಮಂದಿ ಹಾಸಿಗೆ ಹಿಡಿದರು, 25 ಮಂದಿ ಸತ್ತರು.

ಲಂಡನ್ನಿನಲ್ಲಿ ಕಲಿತು ಬಂದಿದ್ದ ನೌಕಾವೈದ್ಯ ತಕಾಕಿ ಕನೆಹಿರೊ ಗಮನಿಸಿದ್ದು ಇಷ್ಟು: ಅಧಿಕಾರಿಗಳಿಗೆ ಕಾಯಿಲೆ ಕಡಿಮೆ, ನಾವಿಕರಿಗೇ ಹೆಚ್ಚು. ಪಡೆ ಅಕ್ಕಿ ಕೊಡುತ್ತಿತ್ತು, ನೆಂಚಿಕೊಳ್ಳುವುದಕ್ಕೆ ನಗದು. ಬಡ ಮನೆಯಿಂದ ಬಂದ ಹುಡುಗರು ಆ ಕಾಸನ್ನು ಉಳಿಸಿಕೊಂಡು ಬರೀ ಬಿಳಿ ಅನ್ನ ಉಣ್ಣುತ್ತಿದ್ದರು. 1884ರಲ್ಲಿ 'ತ್ಸುಕುಬಾ' ಹಡಗನ್ನು ಅದೇ ದಾರಿಯಲ್ಲಿ ಕಳಿಸಿ, ಊಟವನ್ನಷ್ಟೇ ಬದಲಾಯಿಸಿದರು: ಮಾಂಸ, ಮೀನು, ಬ್ರೆಡ್ಡು, ಡಬ್ಬಿ ಹಾಲು, ಕಾಳು. ಒಬ್ಬನೂ ಸಾಯಲಿಲ್ಲ. ಕಾಯಿಲೆ ಬಿದ್ದ ಕೆಲವರಲ್ಲಿ ಹೆಚ್ಚಿನವರು ಹೊಸ ಊಟ ಬೇಡವೆಂದು ಬಿಟ್ಟವರು. ನಗದು ಭತ್ಯೆ ನಿಂತು ರೇಷನ್ ಬಂತು. ಬ್ರೆಡ್ಡು ನಾವಿಕರ ಗಂಟಲಲ್ಲಿ ಇಳಿಯದಿದ್ದಾಗ 1885ರಿಂದ ಅಕ್ಕಿಗೆ ಬಾರ್ಲಿ ಬೆರೆಸಿದರು. ಕೆಲವೇ ವರ್ಷಗಳಲ್ಲಿ ನೌಕಾಪಡೆಯಲ್ಲಿ ಬೆರಿಬೆರಿ ಹೆಚ್ಚುಕಡಿಮೆ ಇಲ್ಲವಾಯಿತು.

ತಮಾಷೆಯೆಂದರೆ ತಕಾಕಿಯ ಕಾರಣವೇ ತಪ್ಪು. ಪ್ರೋಟೀನ್ ಸಾಲದೆ ಹೀಗಾಗುತ್ತದೆ ಎಂದು ಅವರು ನಂಬಿದ್ದರು. ನಿಜವಾದ ಕೊರತೆ ಥಯಾಮಿನ್, ಅಂದರೆ ಬಿ1 ಜೀವಸತ್ವದ್ದು. ಅದಿರುವುದು ಅಕ್ಕಿಯ ತೌಡಿನಲ್ಲಿ, ಮೊಳಕೆಯ ಮೂತಿಯಲ್ಲಿ. ಗಿರಣಿ ಅದನ್ನೇ ಉಜ್ಜಿ ತೆಗೆಯುತ್ತದೆ. ಭೂಸೇನೆಯ ವೈದ್ಯರು ಮಾತ್ರ ಇದು ರೋಗಾಣುವಿನ ಕೆಲಸ ಎಂದು ಹಟ ಹಿಡಿದು ಬಿಳಿ ಅಕ್ಕಿಯನ್ನೇ ಮುಂದುವರಿಸಿದರು. 1904-05ರ ರಷ್ಯಾ ಯುದ್ಧದಲ್ಲಿ ಅವರ ಎರಡು ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಬೆರಿಬೆರಿ ಬಂತು, ಸತ್ತವರೇ ಸುಮಾರು 27,000. ಲೆಕ್ಕ ಕಣ್ಣಮುಂದಿದ್ದರೂ ಕಾರಣ ಒಪ್ಪಿಗೆಯಾಗಲಿಲ್ಲವೆಂದು ತಳ್ಳಿದ್ದರ ಬೆಲೆ ಅದು. ತೌಡಿನಿಂದ ಆ ಅಂಶವನ್ನು ಸುಜುಕಿ ಉಮೆತಾರೊ ಬೇರ್ಪಡಿಸಿದ್ದು 1910ರಲ್ಲಿ.

ಇದು ಹಡಗಿನಲ್ಲೇ ಮೊದಲು ಸಾಧ್ಯವಾದದ್ದು ಯಾಕೆ? ಒಂದೇ ಅಡುಗೆಮನೆ, ತಿಂಗಳುಗಟ್ಟಲೆ ಅದೇ ಜನ. ಯಾರು ಏನು ತಿಂದರು, ಯಾರು ಬಿದ್ದರು ಎಂದು ಪುಸ್ತಕದಲ್ಲಿ ಬರೆದಿಡಬಹುದು. ಊರಿನಲ್ಲಿ ಅದು ಆಗದ ಮಾತು.

ನಿಮ್ಮ ಅಡುಗೆಮನೆಗೆ ಇದರಿಂದ ಆಗುವ ಉಪಯೋಗ ಹೇಳಿಬಿಡುತ್ತೇನೆ. ಥಯಾಮಿನ್ ನೀರಿನಲ್ಲಿ ಕರಗುತ್ತದೆ. ಬೆಳ್ತಿಗೆ ಅಕ್ಕಿಯನ್ನು ನೀರು ತಿಳಿಯಾಗುವ ತನಕ ನಾಲ್ಕೈದು ಸಲ ತಿಕ್ಕಿ ತೊಳೆದು, ಬೆಂದ ಮೇಲೆ ಗಂಜಿ ಬಸಿದು ಚೆಲ್ಲಿದರೆ, ಗಿರಣಿ ಬಿಟ್ಟುಕೊಟ್ಟ ಅಷ್ಟಿಷ್ಟೂ ಮೋರಿಗೆ ಹೋಗುತ್ತದೆ. ಒಂದೆರಡು ಸಲ ತೊಳೆದು, ಹಿಡಿಯುವಷ್ಟೇ ನೀರಿಟ್ಟು ಬೇಯಿಸಿ. ಬಸಿದರೆ ತಿಳಿಯನ್ನು ಸಾರಿಗೆ ಹಾಕಿ. ಕರಾವಳಿಯ ಕುಚ್ಚಲಕ್ಕಿ ಇದರಲ್ಲಿ ಜಾಣ: ಭತ್ತವನ್ನು ನೆನೆಸಿ ಬೇಯಿಸುವಾಗಲೇ ಜೀವಸತ್ವ ಹೊಟ್ಟಿನ ಕಡೆಯಿಂದ ಕಾಳಿನೊಳಕ್ಕೆ ಇಳಿಯುವುದರಿಂದ ಆಮೇಲೆ ಪಾಲಿಶ್ ಮಾಡಿದರೂ ಒಂದಿಷ್ಟು ಉಳಿಯುತ್ತದೆ. ಬೇಳೆ ಬೇಗ ಬೇಯಲೆಂದು ಚಿಟಿಕೆ ಸೋಡಾ ಹಾಕುವ ಅಭ್ಯಾಸವಿದ್ದರೆ ಬಿಡಿ, ಅದು ಥಯಾಮಿನ್ ಕೆಡಿಸುತ್ತದೆ. ತೊಳೆದ ಬೇಳೆಯನ್ನು ಅರ್ಧ ಗಂಟೆ ನೆನೆಹಾಕಿ, ಆ ನೀರಿನಲ್ಲೇ ಬೇಯಿಸಿದರೆ ಸಾಕು.