ಯಾವ ಮಗುವಿಗೆ ಯಾವ ರೀತಿಯ ಪಾಠ ಒಗ್ಗುತ್ತದೆ ಅಂತ ತಿಳಿಯುವುದು ಹೇಗೆ?

ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ಮಕ್ಕಳನ್ನು ವಿಂಗಡಿಸುವ ಪ್ರಶ್ನಾವಳಿ ಕೊಡಲಾ ಅಂತ ಕೇಳಿದ್ದೀರಿ. ಬೇಡ. ನಾನು ಕೊಟ್ಟು ಒಂದು ವರ್ಷ ಹಾಳು ಮಾಡಿದ್ದೇನೆ.

ಕೇರಳದ ಮಂಜೇಶ್ವರದ ಕಡೆ ಕನ್ನಡ ಮೀಡಿಯಂ ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ನಾನು ಗಣಿತದ ಮಾಷ್ಟ್ರು. 'ಕೇಳಿ ಕಲಿಯುವವನು' ಅಂತ ಗುರುತು ಹಾಕಿದ ಹುಡುಗನಿಗೆ ಭಿನ್ನರಾಶಿಯನ್ನೂ ಬಾಯಲ್ಲೇ ಹೇಳಿಕೊಟ್ಟೆ. ಪಾಪ, ತಲೆಬುಡ ಗೊತ್ತಾಗಲಿಲ್ಲ. ಭಿನ್ನರಾಶಿಗೆ ಯಾರಿಗಾದರೂ ಚಿತ್ರ ಬೇಕು, ಮಗ್ಗಿಗೆ ಬಾಯಿ ಬೇಕು, ಅಲ್ವಾ? 2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತು ಇನ್ನು ಮೂವರು ಮನಶ್ಶಾಸ್ತ್ರಜ್ಞರು ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಹೀಗೆ ವಿಂಗಡಿಸಿ ಕಲಿಸಲು ಸಾಕಷ್ಟು ಪುರಾವೆ ಇಲ್ಲ ಅಂದರು. ನಾನು ಅದನ್ನು ಓದಿದ್ದು ತಡವಾಗಿ.

ಹಾಗಂತ ಮಕ್ಕಳೆಲ್ಲ ಒಂದೇ ಅಲ್ಲ. ನಮ್ಮಲ್ಲಂತೂ ಒಂದೇ ಬೆಂಚಿನಲ್ಲಿ ತುಳು, ಮಲಯಾಳಂ, ಕೊಂಕಣಿ, ಹವಿಗನ್ನಡ ಎಲ್ಲ ಕೂತಿರುತ್ತವೆ. '85 ತೆಂಗಿನಕಾಯಿಯಲ್ಲಿ 37 ಮಾರಿದ, ಉಳಿದವು ಎಷ್ಟು?' ಅಂತ ಕೊಟ್ಟರೆ ಐದನೇ ಕ್ಲಾಸಿನ ಒಬ್ಬಳು ಯಾವಾಗಲೂ ಕೂಡಿಸುತ್ತಿದ್ದಳು. ಲೆಕ್ಕದಲ್ಲಿ ಹಿಂದೆ ಅಂದುಕೊಂಡಿದ್ದೆ. ಒಂದು ದಿನ ಸುಮ್ನೆ ಅವಳ ಮನೆಮಾತು ಮಲಯಾಳಂನಲ್ಲಿ 'ಬಾಕಿ ಎತ್ರ?' ಅಂದೆ. ಪೆನ್ಸಿಲ್ ಮುಟ್ಟದೆ 48 ಅಂದಳು! ಅವಳು ಎಡವಿದ್ದು 'ಉಳಿದವು' ಅನ್ನುವ ಪದದಲ್ಲಿ. ಈಗ ಲೆಕ್ಕ ಬಿಡಿಸುವ ಮೊದಲು ಅದನ್ನು ಮನೆಮಾತಿನಲ್ಲಿ ಹೇಳಿಸುತ್ತೇನೆ. ತುಳುವಿನವರು 'ಬಾಕಿ ಏತ್' ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಆಮೇಲೆ ನೋಡುವುದು, ಮಗುವಿಗೆ ಈಗಾಗಲೇ ಎಷ್ಟು ಬರುತ್ತದೆ ಅಂತ. ಏನೂ ಬಾರದವರಿಗೆ ಪೂರ್ತಿ ಬಿಡಿಸಿದ ಲೆಕ್ಕ ತೋರಿಸಿ, ಮುಂದಿನದರಲ್ಲಿ ಕೊನೆಯ ಒಂದು ಹೆಜ್ಜೆ ಮಾತ್ರ ಅವರಿಗೆ ಬಿಡಿ. ಬರುವವರಿಗೆ ನೇರ ಲೆಕ್ಕ ಕೊಡಿ, ಬಿಡಿಸಿದ್ದನ್ನೇ ತೋರಿಸಿದರೆ ಅವರು ಆಕಳಿಸುತ್ತಾರೆ.

ಯಾವುದು ಕೆಲಸ ಮಾಡಿತು ಅಂತ ಅದೇ ದಿನ ಅಳೆಯಬೇಡಿ. ರೋಡಿಗರ್, ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪರೀಕ್ಷಿಸಿದ್ದರು. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರ ಕಳೆದಾಗ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರಿಗೆ ಜಾಸ್ತಿ ನೆನಪಿತ್ತು. ಅದಕ್ಕೇ ನಾನು ಸೋಮವಾರದ ಪಾಠವನ್ನು ಮುಂದಿನ ಸೋಮವಾರ ಕೇಳುತ್ತೇನೆ. ಮೂರೇ ಪ್ರಶ್ನೆ, ಮಾರ್ಕಿಲ್ಲ. ತಪ್ಪಿದ್ದು ಭಾಷೆಯಲ್ಲಾ ಲೆಕ್ಕದಲ್ಲಾ ಅಂತ ಹೆಸರಿನ ಪಕ್ಕ 'ಭಾ' ಅಥವಾ 'ಲೆ' ಅಂತ ಬರೆದುಕೊಳ್ಳುತ್ತೇನೆ. ಮೊದಲ ತಿಂಗಳಲ್ಲಿ ನನ್ನ ಪಟ್ಟಿಯಲ್ಲಿ 'ಭಾ' ಗಳೇ ಜಾಸ್ತಿ ಇದ್ದವು.