ಆಯಿಯ ಕಣ್ಣಿಗೆ ಇಂಜೆಕ್ಷನ್ ಟ್ರಯಲ್: ಒಪ್ಪಬಹುದಾ?

ಸಕ್ಕರೆ ಕಾಯಿಲೆಯಿಂದ ಆಯಿಯ ರೆಟಿನಾ (ಕಣ್ಣಿನ ಒಳಪರದೆ) ಊದಿದೆ, ಹುಬ್ಬಳ್ಳಿಯಲ್ಲಿ ಹೊಸ ಔಷಧಿ ಪರೀಕ್ಷಿಸುವ ಟ್ರಯಲ್‌ಗೆ ಕರೆದಿದ್ದಾರೆ, ಇದು ಅವರ ಮೇಲೆ ಪ್ರಯೋಗ ಮಾಡಿದ ಹಾಗಲ್ವಾ ಅಂತ ಕೇಳಿದ್ದೀರಿ. ಹೆದರಿಕೆ ಸಹಜ. ಆದರೆ ಸುಮ್ನೆ ಬೇಡ ಅನ್ನಬೇಡಿ.

ಇಂದು ಕೊಡುವ ಚಿಕಿತ್ಸೆ ಬಂದಿದ್ದೇ ಹೀಗೆ. 2015ರಲ್ಲಿ ಇದೇ ಊತಕ್ಕೆ ಅವಾಸ್ಟಿನ್, ಲುಸೆಂಟಿಸ್, ಐಲಿಯಾ ಅನ್ನೋ ಮೂರು ಕಣ್ಣಿನ ಇಂಜೆಕ್ಷನ್‌ಗಳನ್ನು ಹೋಲಿಸಿದ ಅಮೆರಿಕದ ಟ್ರಯಲ್‌ನಲ್ಲಿ, ದೃಷ್ಟಿ ಜಾಸ್ತಿ ಕುಂದಿದವರಿಗೆ ಮೊದಲ ವರ್ಷ ಐಲಿಯಾ ಹೆಚ್ಚು ಗುಣ ಕೊಟ್ಟಿತು, ಸ್ವಲ್ಪವೇ ಕುಂದಿದವರಿಗೆ ಮೂರೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಮೊದಲು ಕೇಳಿ: ಹೊಸ ಔಷಧಿಯನ್ನು ಯಾವುದರ ಜೊತೆ ಹೋಲಿಸುತ್ತಾರೆ? ಆಯಿ ಹೊಸ ಔಷಧಿ ಸಿಗದ ಗುಂಪಿಗೆ ಬಿದ್ದರೆ ಅವರಿಗೆ ಸರಿಯಾದ ಇಂಜೆಕ್ಷನ್ ಸಿಗಲೇಬೇಕು.

ಸಿಟಿಆರ್‌ಐ (ದೇಶದ ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ) ನೋಂದಣಿ ನಂಬರ್ ಕೇಳಿ, ನೆಟ್ಟಲ್ಲಿ ಯಾರು ಬೇಕಾದರೂ ನೋಡಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ, ಮನೆಗೆ ತಂದು ಆಯಿಗೆ ಓದಿ ಹೇಳಿ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು ಅಂತ ಕೇಂದ್ರ ಸರ್ಕಾರದ 2019ರ ಟ್ರಯಲ್ ನಿಯಮದಲ್ಲೇ ಇದೆ.

ನನಗೆ ಚಿಂತೆ ಓಡಾಟದ್ದು. ಕುಮಟಾದಿಂದ ತಿಂಗಳು ತಿಂಗಳು, ಮಳೆಗಾಲದಲ್ಲಿ ಘಟ್ಟ ಹತ್ತಿ ಹೋಗಬೇಕು. ಪ್ರಯಾಣದ ಖರ್ಚು ಕೊಡುತ್ತಾರಾ, ರಸ್ತೆ ಬಂದ್ ಆದರೆ ಏನು ಮಾಡಬೇಕು, ಸಹಿ ಹಾಕುವ ಮೊದಲೇ ಕೇಳಿಬಿಡಿ.